ಜಿಲ್ಲೆ ದಾಟಿದರೆ ಸೀಟು ಸಿಗಲ್ವಾ? ಓದುಗರ ಪ್ರಶ್ನೆ, ನಿವೃತ್ತ ಮೇಡಂ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ಗೊಂದಲ. ನಮ್ಮ ಶಾಲೆ ಯಾರ ಕೈಕೆಳಗೆ ಬರುತ್ತದೆ? ಯಾವ ಕಚೇರಿಗೆ ಹೋಗಬೇಕು? ನಾನು ಪಾಂಡವಪುರ ತಾಲ್ಲೂಕಿನಲ್ಲಿ ಪ್ರೈಮರಿ ಶಾಲೆ ಮೇಡಂ ಆಗಿ ಕೆಲಸಕ್ಕೆ ಸೇರಿದವಳು. ನಡುವೆ ಕೆಲವು ವರ್ಷ ಸಿಆರ್‌ಪಿ, ಅಂದರೆ ಹತ್ತಿರದ ಕೆಲವು ಶಾಲೆಗಳ ಗುಂಪನ್ನು ನೋಡಿಕೊಳ್ಳುವವಳು, ಆಗಿದ್ದೆ. ಮುಖ್ಯ ಶಿಕ್ಷಕಿಯಾಗಿ ನಿವೃತ್ತಿಯಾದೆ. ಈ ಎಲ್ಲೆಗಳ ಒಳಗೇ ನನ್ನ ಕೆಲಸದ ದಿನಗಳು ಕಳೆದಿವೆ. ಹಾಗಾಗಿ ಈ ಬಾರಿ ಪೂರ್ತಿ ಇದೇ ವಿಷಯಕ್ಕೆ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಶ್ರೀರಂಗಪಟ್ಟಣ ತಾಲ್ಲೂಕಿನ ಹಳ್ಳಿಯವರು. ನಮ್ಮ ಯಜಮಾನರು ಮೈಸೂರಿನಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗ್ತಾರೆ. ಮಗ ಐದನೇ ಕ್ಲಾಸ್ ಮುಗಿಸಿದ್ದಾನೆ. ಆರನೇ ಕ್ಲಾಸಿಗೆ ಮೈಸೂರಿನ ಸರ್ಕಾರಿ ಶಾಲೆಗೆ ಸೇರಿಸೋಣ, ಅಪ್ಪನ ಜೊತೆ ಗಾಡಿಯಲ್ಲಿ ಹೋಗಿ ಬರಲಿ ಅಂದ್ಕೊಂಡ್ವಿ. ಅಲ್ಲಿ ಕೇಳಿದರೆ, ನೀವು ಮಂಡ್ಯ ಜಿಲ್ಲೆಯವರು, ನಿಮ್ಮ ಬಿಇಒ ಹತ್ತಿರ ಸಹಿ ಹಾಕಿಸ್ಕೊಂಡು ಬನ್ನಿ ಅಂದರು. ಇಲ್ಲಿ ಟಿಸಿ ಕೇಳಿದರೆ, ಅಲ್ಲಿ ಸೀಟು ಇದೆ ಅಂತ ಬರೆಸ್ಕೊಂಡು ಬನ್ನಿ ಅಂತಾರೆ. ಎರಡು ಕಡೆ ಓಡಾಡಿ ಸಾಕಾಗಿದೆ. ಜಿಲ್ಲೆ ಬೇರೆ ಅಂದ್ರೆ ಸೀಟು ಸಿಗಲ್ವಾ?
— ಒಬ್ಬ ತಾಯಿ, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ಸಿಗುತ್ತದೆ ಅಮ್ಮ, ಧೈರ್ಯವಾಗಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ನಿಮ್ಮಂಥವರಿಗಾಗಿಯೇ ಇದೆ. ಆರರಿಂದ ಹದಿನಾಲ್ಕು ವರ್ಷದ ಮಗು ಯಾವ ಕಾರಣಕ್ಕೇ ಶಾಲೆ ಬದಲಾಯಿಸಬೇಕಾಗಿ ಬಂದರೂ, ಇನ್ನೊಂದು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಹಕ್ಕು ಅದಕ್ಕಿದೆ. ಆ ಶಾಲೆ ಬೇರೆ ರಾಜ್ಯದಲ್ಲಿದ್ದರೂ ಹಕ್ಕು ಹಕ್ಕೇ. ರಾಜ್ಯವನ್ನೇ ದಾಟಬಹುದು ಅಂದ ಮೇಲೆ ಮಂಡ್ಯದಿಂದ ಮೈಸೂರಿಗೆ ದಾಟಲು ಯಾರಪ್ಪಣೆ ಬೇಕು?

ಅದೇ ಸೆಕ್ಷನ್ನಿನಲ್ಲಿ ಇನ್ನೆರಡು ಮಾತಿದೆ, ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಮಗು ಓದುತ್ತಿದ್ದ ಶಾಲೆಯ ಮುಖ್ಯ ಶಿಕ್ಷಕರು ಟಿಸಿಯನ್ನು ಕೂಡಲೇ ಕೊಡಬೇಕು. ಸುಮ್ನೆ ತಡ ಮಾಡಿದರೆ ಅವರ ಮೇಲೆ ಶಿಸ್ತುಕ್ರಮಕ್ಕೆ ಅವಕಾಶವಿದೆ. ಎರಡನೆಯದು ಇದಕ್ಕಿಂತ ಮುಖ್ಯ. ಟಿಸಿ ಬರುವುದು ತಡವಾಯಿತು ಅನ್ನುವ ಕಾರಣಕ್ಕೆ ಹೊಸ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ, ಕಾಯಿಸುವಂತೆಯೂ ಇಲ್ಲ. ಸಹಿ, ಸೀಲು ಏನಿದ್ದರೂ ಮಗು ತರಗತಿಯಲ್ಲಿ ಕೂತ ಮೇಲೆ ಕಚೇರಿ ಕಚೇರಿಗಳ ನಡುವೆ ಓಡಾಡಲಿ. ತಾಯಿ ಯಾಕೆ ಓಡಾಡಬೇಕು?

ನಿಮಗೆ ಹಾಗೆ ಹೇಳಿದವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಇಲಾಖೆಯಲ್ಲಿ ಎಲ್ಲ ಲೆಕ್ಕವೂ ಬ್ಲಾಕ್ ಪ್ರಕಾರ ನಡೆಯುತ್ತದೆ. ಉಚಿತ ಪಠ್ಯಪುಸ್ತಕ, ಸಮವಸ್ತ್ರ, ಶಿಕ್ಷಕರ ಹುದ್ದೆ ಎಲ್ಲಕ್ಕೂ ಮಕ್ಕಳ ಸಂಖ್ಯೆಯೇ ಆಧಾರ. ಒಂದು ಮಗು ಹೊರಗೆ ಹೋದರೆ ಒಂದು ಶಾಲೆಯ ಸಂಖ್ಯೆ ಇಳಿಯುತ್ತದೆ. ಹಳ್ಳಿ ಶಾಲೆಯ ಮೇಷ್ಟ್ರಿಗೆ ಅದು ನಿಜವಾದ ಭಯ. ಸಂಖ್ಯೆ ಇಳಿದರೆ ಹುದ್ದೆಯೇ ಹೆಚ್ಚುವರಿ ಅಂತ ಆಗಿ ಅವರನ್ನೇ ಎತ್ತಂಗಡಿ ಮಾಡಬಹುದು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಅದರ ಭಾರವನ್ನು ಮಗುವಿನ ಮೇಲೆ ಹಾಕುವುದು ತಪ್ಪು.

ಇನ್ನು ನಿಮ್ಮ ಕಡೆಯ ನಕ್ಷೆ. ಬೆಳಗೊಳ, ಕೆಆರ್‌ಎಸ್ ಎಲ್ಲ ಮೈಸೂರಿನ ಮಗ್ಗುಲಲ್ಲೇ ಇವೆ. ಆದರೂ ಅವು ಸೇರಿರುವುದು ಶ್ರೀರಂಗಪಟ್ಟಣ ತಾಲ್ಲೂಕಿಗೆ, ಅಂದರೆ ಮಂಡ್ಯ ಜಿಲ್ಲೆಗೆ. 1939ರವರೆಗೆ ಮಂಡ್ಯವೂ ಮೈಸೂರು ಜಿಲ್ಲೆಯ ಒಳಗೇ ಇತ್ತು. ಆಮೇಲೆ ಗೆರೆ ಎಳೆದರು. ಆ ಗೆರೆಯನ್ನು ಕಂದಾಯಕ್ಕೆ, ಆಡಳಿತಕ್ಕೆ ಅಂತ ಎಳೆದದ್ದು. ಶಿಕ್ಷಣ ಇಲಾಖೆ ಹೆಚ್ಚುಕಡಿಮೆ ಅದನ್ನೇ ಇಟ್ಟುಕೊಂಡು ಅದರ ಒಳಗೆ ತನ್ನ ಬ್ಲಾಕ್‌ಗಳನ್ನು ಮಾಡಿಕೊಂಡಿತು. ಒಂದೊಂದು ಬ್ಲಾಕಿಗೆ ಒಬ್ಬೊಬ್ಬರು ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ. ಸಾಮಾನ್ಯವಾಗಿ ತಾಲ್ಲೂಕಿಗೊಂದು ಬ್ಲಾಕು. ಶಾಲೆಗಳು ಜಾಸ್ತಿ ಇರುವ ಕಡೆ ಒಡೆದಿದ್ದಾರೆ. ಮಂಡ್ಯ ತಾಲ್ಲೂಕಿನಲ್ಲಿ ಉತ್ತರ, ದಕ್ಷಿಣ ಅಂತ ಎರಡಿವೆ. ಹಾಗಾಗಿ ಮಂಡ್ಯ ಜಿಲ್ಲೆಗೆ ಎಂಟು ಬ್ಲಾಕು. ಮೈಸೂರಿನಲ್ಲಿ ನಗರಕ್ಕೇ ಉತ್ತರ, ದಕ್ಷಿಣ ಅಂತ ಎರಡು, ಸುತ್ತಲಿನ ತಾಲ್ಲೂಕಿಗೆ ಇನ್ನೊಂದು. ಅವುಗಳ ಜೊತೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಂಜನಗೂಡು, ತಿ. ನರಸೀಪುರ. ಮೈಸೂರಿನಲ್ಲಿ ಬಿಇಒ ಕಚೇರಿ ಹುಡುಕುವಾಗ ಉತ್ತರವೋ ದಕ್ಷಿಣವೋ ತಾಲ್ಲೂಕೋ ಅಂತ ಮೊದಲು ಶಾಲೆಯವರನ್ನೇ ಕೇಳಿಕೊಳ್ಳಿ. ಗೊತ್ತಿಲ್ಲದೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ.

ಬಿಇಒ ಮೇಲೆ ಜಿಲ್ಲೆಗೆ ಡಿಡಿಪಿಐ, ಅಂದರೆ ಶಿಕ್ಷಣ ಇಲಾಖೆಯ ಉಪ ನಿರ್ದೇಶಕರು. ಅವರ ಮೇಲೆ ವಿಭಾಗದ ಸಹ ನಿರ್ದೇಶಕರು. ಮೈಸೂರು ವಿಭಾಗದಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು, ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿ ಎಲ್ಲ ಸೇರಿವೆ. ಅಂದರೆ ನಿಮ್ಮ ಮಗನ ಹಳೆ ಶಾಲೆ, ಹೊಸ ಶಾಲೆ ಎರಡೂ ಮೇಲಕ್ಕೆ ಹೋದರೆ ಒಂದೇ ಕಚೇರಿಗೆ ಸೇರುತ್ತವೆ. ಬೇರೆ ಜಿಲ್ಲೆ ಅನ್ನುವ ಮಾತಿಗೆ ಇಷ್ಟೇ ಬೆಲೆ.

ಈಗ ಮಾಡಬೇಕಾದ ಕೆಲಸ. ಹೊಸ ಶಾಲೆಗೆ ಹೋಗಿ ಅರ್ಜಿಯನ್ನು ಬರವಣಿಗೆಯಲ್ಲೇ ಕೊಡಿ. ತಾರೀಖು ಹಾಕಿ. ಒಂದು ನಕಲಿನ ಮೇಲೆ ಸ್ವೀಕೃತಿ ಪಡೆಯಿರಿ. ಇಲ್ಲ ಅನ್ನುವುದಾದರೆ ಯಾಕೆ ಅಂತ ಬರೆದುಕೊಡಿ ಅಂತ ವಿನಯವಾಗಿ ಕೇಳಿ. ಹಳೆ ಶಾಲೆಯಲ್ಲಿ ಟಿಸಿ ಜೊತೆಗೆ ಸ್ಯಾಟ್ಸ್‌ನಲ್ಲಿ ಮಗನ ಹೆಸರನ್ನು ಬಿಟ್ಟುಕೊಡಲು ಹೇಳಿ. ಸ್ಯಾಟ್ಸ್ ಅಂದರೆ ಪ್ರತಿ ಮಗುವಿನ ಹೆಸರಲ್ಲೂ ಇರುವ ಆನ್‌ಲೈನ್ ದಾಖಲೆ. ಆ ಸಂಖ್ಯೆ ಮಗುವಿನ ಜೊತೆ ಹೋಗುತ್ತದೆ. ಇದೆಲ್ಲ ಜೂನ್ ತಿಂಗಳಲ್ಲೇ ಮುಗಿದರೆ ಪುಸ್ತಕ, ಬಟ್ಟೆ ಹೊಸ ಶಾಲೆಯ ಲೆಕ್ಕದಲ್ಲೇ ಸಿಗುತ್ತವೆ.

ಅಂದ ಹಾಗೆ, ಒಂದು ಕಿಲೋಮೀಟರ್ ಒಳಗೆ ಒಂದರಿಂದ ಐದನೇ ತರಗತಿ, ಮೂರು ಕಿಲೋಮೀಟರ್ ಒಳಗೆ ಆರರಿಂದ ಎಂಟು ಅನ್ನುವ ನಿಯಮವನ್ನು ಯಾರಾದರೂ ನಿಮ್ಮ ಮುಂದೆ ಹಿಡಿಯಬಹುದು. ಅಷ್ಟು ಹತ್ತಿರದಲ್ಲಿ ಶಾಲೆ ಇರುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ ಅಂತ ಅದರ ಅರ್ಥ. ಅದರಾಚೆಗೆ ಮಗು ಹೋಗಕೂಡದು ಅಂತ ಅಲ್ಲ.

ಪ್ರಶ್ನೆ: ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗ ಪೇಪರಿನಲ್ಲಿ 35 ಜಿಲ್ಲೆಗಳ ಪಟ್ಟಿ ಇರುತ್ತದೆ. ನಮ್ಮ ರಾಜ್ಯದಲ್ಲಿ ಇರುವುದು 31 ಅಲ್ವಾ? ಮಿಕ್ಕ ನಾಲ್ಕು ಎಲ್ಲಿಂದ ಬಂದವು?
— ಕಾಲೇಜು ವಿದ್ಯಾರ್ಥಿ, ಮದ್ದೂರು

ಉತ್ತರ: ಒಳ್ಳೆ ಗಮನ. ಅವು ಶೈಕ್ಷಣಿಕ ಜಿಲ್ಲೆಗಳು. ನಾಲ್ಕು ಕಂದಾಯ ಜಿಲ್ಲೆಗಳನ್ನು ಶಾಲೆಗಳ ಮಟ್ಟಿಗೆ ಎರಡೆರಡು ಮಾಡಿದ್ದಾರೆ. ಬೆಂಗಳೂರು ನಗರ ಜಿಲ್ಲೆಯಲ್ಲಿ ಉತ್ತರ, ದಕ್ಷಿಣ. ತುಮಕೂರಿನಿಂದ ಮಧುಗಿರಿ, ಬೆಳಗಾವಿಯಿಂದ ಚಿಕ್ಕೋಡಿ, ಉತ್ತರ ಕನ್ನಡದಿಂದ ಶಿರಸಿ ಬೇರೆಯಾಗಿವೆ. ಒಂದೊಂದಕ್ಕೂ ತನ್ನದೇ ಡಿಡಿಪಿಐ ಇರುತ್ತಾರೆ. ನಮ್ಮ ಮೈಸೂರು, ಮಂಡ್ಯದಲ್ಲಿ ಎರಡೂ ಬಗೆಯ ಜಿಲ್ಲೆ ಒಂದೇ ಆದ್ದರಿಂದ ನಮಗೆ ಇದು ಗೊತ್ತಾಗುವುದೇ ಇಲ್ಲ.

ಪ್ರಶ್ನೆ: ನನ್ನ ಮಗಳು ಅಳಿಯ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ. ಮೊಮ್ಮಗಳನ್ನು ಸ್ಕೂಲಿಗೆ ಸೇರಿಸಬೇಕು ಅಂತ ಮನೆ ಬದಲಾಯಿಸಿದರು. ರಸ್ತೆಯ ಈ ಕಡೆ ಒಂದು ಸ್ಕೂಲ್ ಡಿಸ್ಟ್ರಿಕ್ಟ್, ಆ ಕಡೆ ಇನ್ನೊಂದು, ಅದಕ್ಕೆ ಬಾಡಿಗೆಯೂ ಬೇರೆ ಅಂತಾಳೆ ಮಗಳು. ಅಲ್ಲಿಯದೂ ಸರ್ಕಾರಿ ಶಾಲೆಯೇ ತಾನೆ? ನಮ್ಮ ಬ್ಲಾಕು, ಜಿಲ್ಲೆಗೂ ಅದಕ್ಕೂ ಏನು ವ್ಯತ್ಯಾಸ?
— ನಿವೃತ್ತ ಬ್ಯಾಂಕ್ ನೌಕರರು, ನಾಗಮಂಗಲ

ಉತ್ತರ: ತುಂಬಾ ವ್ಯತ್ಯಾಸ ಇದೆ ಸರ್. ನಮ್ಮ ಬ್ಲಾಕು, ಜಿಲ್ಲೆಗಳು ಬೆಂಗಳೂರಿನ ಇಲಾಖೆಯ ಕೊಂಬೆಗಳು. ದುಡ್ಡು ಮೇಲಿನಿಂದ ಬರುತ್ತದೆ, ಪಠ್ಯಪುಸ್ತಕ ಒಂದೇ, ಮೇಷ್ಟ್ರ ಸಂಬಳದ ಶ್ರೇಣಿಯೂ ಒಂದೇ. ಬಿಇಒ ಸರ್ಕಾರಿ ಅಧಿಕಾರಿ, ಅವರನ್ನು ಜನ ಆರಿಸುವುದಿಲ್ಲ.

ಅಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್ ಸಾಮಾನ್ಯವಾಗಿ ತಾನೇ ಒಂದು ಪುಟ್ಟ ಸರ್ಕಾರ. ಜನ ಓಟು ಹಾಕಿ ಮಂಡಳಿಯನ್ನು ಆರಿಸುತ್ತಾರೆ. ಆ ಮಂಡಳಿ ಸೂಪರಿಂಟೆಂಡೆಂಟ್ ಒಬ್ಬರನ್ನು ನೇಮಿಸಿ ಶಾಲೆ ನಡೆಸುತ್ತದೆ. ಟೆಕ್ಸಾಸ್‌ನಲ್ಲಿ ಇಂಥವನ್ನು ಸ್ವತಂತ್ರ ಸ್ಕೂಲ್ ಡಿಸ್ಟ್ರಿಕ್ಟ್ ಅಂತಲೇ ಕರೆಯುತ್ತಾರೆ. ಅಲ್ಲೇ ಸಾವಿರಕ್ಕೂ ಮಿಕ್ಕಿ ಇವೆ. ಇಡೀ ದೇಶದಲ್ಲಿ ಹದಿಮೂರು ಸಾವಿರದ ಆಸುಪಾಸು. ಅವುಗಳ ಎಲ್ಲೆ ಊರಿನ ಎಲ್ಲೆಗೆ ಹೊಂದಲೇಬೇಕು ಅಂತಿಲ್ಲ, ಅದಕ್ಕೇ ನಿಮ್ಮ ಮಗಳು ಹೇಳಿದ ಹಾಗೆ ರಸ್ತೆಯ ಮಧ್ಯೆಯೂ ಹಾಯಬಹುದು. ಎಲ್ಲ ರಾಜ್ಯದಲ್ಲೂ ಹೀಗಿಲ್ಲ. ಫ್ಲಾರಿಡಾದಲ್ಲಿ ಕೌಂಟಿಗೊಂದರಂತೆ 67 ಇವೆ. ಹವಾಯಿಯಲ್ಲಿ ಇಡೀ ರಾಜ್ಯಕ್ಕೆ ಒಂದೇ.

ಬಾಡಿಗೆಯ ಮಾತು ಬಂತಲ್ಲ, ಅದರ ಮೂಲ ತೆರಿಗೆಯಲ್ಲಿದೆ. ಶಾಲೆಯ ಖರ್ಚಿನ ದೊಡ್ಡ ಪಾಲು ಆ ಎಲ್ಲೆಯ ಒಳಗಿನ ಮನೆ, ಜಮೀನಿನ ತೆರಿಗೆಯಿಂದ ಬರುತ್ತದೆ. ಸ್ಥಿತಿವಂತರ ಬಡಾವಣೆಯಾದರೆ ಕಡಿಮೆ ದರ ಹಾಕಿದರೂ ಜಾಸ್ತಿ ಹಣ ಬರುತ್ತದೆ. ಬಡವರ ಬಡಾವಣೆಯಲ್ಲಿ ಜಾಸ್ತಿ ದರ ಹಾಕಿದರೂ ಸಾಲುವುದಿಲ್ಲ. ಟೆಕ್ಸಾಸ್‌ನಲ್ಲೇ ಇದರ ಮೇಲೆ ದೊಡ್ಡ ಹೋರಾಟ ನಡೆದಿದೆ. ಸ್ಯಾನ್ ಆಂಟೋನಿಯೊ ಊರಿನ ಎಡ್ಜ್‌ವುಡ್ ಡಿಸ್ಟ್ರಿಕ್ಟಿನ ತಂದೆ ತಾಯಿಯರು 1968ರಲ್ಲಿ ಕೋರ್ಟಿಗೆ ಹೋದರು. ಡೆಮೆಟ್ರಿಯೊ ರೊಡ್ರಿಗಸ್ ಅನ್ನುವವರ ಹೆಸರಿನಲ್ಲಿ ಆ ಮೊಕದ್ದಮೆ ಹೆಸರಾಯಿತು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಅವರು ಬಿಡಲಿಲ್ಲ. ಎಡ್ಜ್‌ವುಡ್‌ನವರು ಮತ್ತೆ ರಾಜ್ಯದ ಕೋರ್ಟಿಗೆ ಹೋಗಿ 1989ರಲ್ಲಿ ಗೆದ್ದರು. ಆಮೇಲೆ ಶ್ರೀಮಂತ ಡಿಸ್ಟ್ರಿಕ್ಟುಗಳ ತೆರಿಗೆಯಲ್ಲಿ ಒಂದು ಪಾಲನ್ನು ಬಡವರ ಕಡೆಗೆ ತಿರುಗಿಸುವ ಕಾನೂನು ಬಂತು. ಮಕ್ಕಳ ಓದಿಗಾಗಿ ಇಪ್ಪತ್ತು ವರ್ಷ ಕೋರ್ಟು ಮೆಟ್ಟಿಲು ಹತ್ತಿದ ಆ ಸಾಮಾನ್ಯ ಜನರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಸರ್, ನನ್ನ ಅಭಿಪ್ರಾಯ ಕೇಳಿದರೆ, ದುಡ್ಡಿನ ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು. ನಾಗಮಂಗಲದ ಮಳೆ ಇಲ್ಲದ ಹಳ್ಳಿಗೂ ನಾಲೆ ನೀರಿನ ಮದ್ದೂರಿನ ಹಳ್ಳಿಗೂ ಮೇಷ್ಟ್ರ ಸಂಬಳ ಒಂದೇ ಕಡೆಯಿಂದ ಬರುತ್ತದೆ. ಜನರ ಮಾತಿಗೆ ಬೆಲೆ ಕೊಡುವುದರಲ್ಲಿ ಮಾತ್ರ ನಾವು ಕಲಿಯಬೇಕಾದ್ದಿದೆ. ಅಲ್ಲಿ ಮಂಡಳಿಯ ಸಭೆಗೆ ಹೋಗಿ ತಾಯಿಯೊಬ್ಬಳು ಎದ್ದು ನಿಂತು ಪ್ರಶ್ನೆ ಕೇಳುತ್ತಾಳೆ. ನಮ್ಮಲ್ಲಿ ಆ ಜಾಗ ಎಸ್‌ಡಿಎಂಸಿಗೆ, ಅಂದರೆ ಪೋಷಕರೇ ಹೆಚ್ಚಾಗಿರುವ ಶಾಲಾ ಸಮಿತಿಗೆ ಸೇರಿದ್ದು. ಅದರ ಬಗ್ಗೆ ಮುಂದಿನ ಪ್ರಶ್ನೆಯಲ್ಲಿ ಬರೆಯುತ್ತೇನೆ.

ಪ್ರಶ್ನೆ: ನಾನು ನಮ್ಮೂರ ಶಾಲೆಯ ಎಸ್‌ಡಿಎಂಸಿ ಸದಸ್ಯೆ. ಒಂದು ಕೊಠಡಿ ಸೋರುತ್ತಿದೆ. ಗಣಿತಕ್ಕೆ ಮೇಷ್ಟ್ರಿಲ್ಲ. ಬಿಸಿಯೂಟಕ್ಕೆ ಬರುವ ಬೇಳೆ ಸರಿಯಿಲ್ಲ. ಪಕ್ಕದ ಅಂಗನವಾಡಿಗೆ ಬೀಗ. ಬಿಇಒ ಆಫೀಸಿಗೆ ಹೋದರೆ ಇದರಲ್ಲಿ ಅರ್ಧ ನಮ್ಮದಲ್ಲ ಅಂತಾರೆ. ಹಾಗಾದರೆ ಯಾರದು?
— ತಿ. ನರಸೀಪುರ ತಾಲ್ಲೂಕಿನ ಒಬ್ಬ ತಾಯಿ

ಉತ್ತರ: ಅಮ್ಮ, ಅವರು ಹೇಳಿದ್ದು ನಿಜ. ಆದರೆ ಯಾರದು ಅಂತಲೂ ಹೇಳಿ ಕಳಿಸಬೇಕಿತ್ತು.

ಬಿಸಿಯೂಟ ಅಕ್ಷರ ದಾಸೋಹದ್ದು. ತಾಲ್ಲೂಕು ಪಂಚಾಯಿತಿಯಲ್ಲಿ ಅದಕ್ಕೇ ಅಂತ ಸಹಾಯಕ ನಿರ್ದೇಶಕರು ಇರುತ್ತಾರೆ. ಬೇಳೆಯ ದೂರನ್ನು ಅವರಿಗೆ ಬರೆಯಿರಿ. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಅಲ್ಲಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು ಕಾಣಬೇಕು. ಶಾಲೆಯ ಅಂಗಳದಲ್ಲೇ ಇದ್ದರೂ ಅದರ ಯಜಮಾನರು ಬೇರೆ. ಮೊರಾರ್ಜಿ ಶಾಲೆ, ಎಚ್.ಡಿ. ಕೋಟೆ ಹಾಡಿಗಳ ಆಶ್ರಮ ಶಾಲೆ ಇವೂ ಹೀಗೆಯೇ, ಬೇರೆ ಇಲಾಖೆಯವು. ಪಿಯು ಕಾಲೇಜಿಗೆ ಬಿಇಒ ಅಲ್ಲ, ಜಿಲ್ಲೆಯ ಡಿಡಿಪಿಯು, ಅಂದರೆ ಪಿಯು ಉಪ ನಿರ್ದೇಶಕರು.

ಸೋರುವ ಕೊಠಡಿಗೆ ಎಸ್‌ಡಿಎಂಸಿ ಸಭೆಯಲ್ಲಿ ನಡಾವಳಿ ಬರೆದು ಬಿಇಒಗೆ ಕೊಡಿ. ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ಕೊಡಿ. ಕಾಂಪೌಂಡು, ಶೌಚಾಲಯ, ಆಟದ ಮೈದಾನದಂಥ ಕೆಲಸವನ್ನು ಪಂಚಾಯಿತಿ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಮಾಡಿಸಬಹುದು. ನಮ್ಮ ಸುತ್ತಮುತ್ತ ಎಷ್ಟೋ ಶಾಲೆಗಳ ಕಾಂಪೌಂಡು ಹಾಗೆಯೇ ಎದ್ದಿವೆ. ಗಣಿತದ ಮೇಷ್ಟ್ರಿಗೆ ಬಿಇಒ ಕಚೇರಿಯೇ ಗತಿ. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರನ್ನು ಕೊಡಿ, ಇಲ್ಲವೇ ಹತ್ತಿರದ ಶಾಲೆಯಿಂದ ನಿಯೋಜನೆ ಮಾಡಿ ಅಂತ ಕೇಳಿ.

ಇಷ್ಟು ಬಾಗಿಲುಗಳಿಗೆ ಒಬ್ಬ ತಾಯಿ ಹೇಗೆ ಅಲೆಯುವುದು? ಅದಕ್ಕೇ ಕ್ಲಸ್ಟರ್ ಅಂತ ಒಂದು ಇದೆ. ಹತ್ತಿರ ಹತ್ತಿರದ ಕೆಲವು ಶಾಲೆಗಳನ್ನು ಸೇರಿಸಿ ಒಂದು ಕ್ಲಸ್ಟರ್, ಅದಕ್ಕೊಬ್ಬರು ಸಿಆರ್‌ಪಿ. ನಾನು ಮಾಡುತ್ತಿದ್ದದ್ದು ಈ ಕೆಲಸ. ಮಂಡ್ಯ ಜಿಲ್ಲೆಯವರಿಗೆ ಇದರಲ್ಲಿ ಹೆಮ್ಮೆ ಪಡುವ ಒಂದು ವಿಷಯ ಇದೆ. 1994ರ ಹೊತ್ತಿಗೆ ಡಿಪಿಇಪಿ, ಅಂದರೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡ ನಾಲ್ಕು ಜಿಲ್ಲೆಗಳಲ್ಲಿ ಮಂಡ್ಯವೂ ಒಂದು. ಬೆಳಗಾವಿ, ಕೋಲಾರ, ರಾಯಚೂರು ಉಳಿದವು. ಮೈಸೂರು ಎರಡನೇ ಹಂತದಲ್ಲಿ ಸೇರಿತು. ಬ್ಲಾಕಿನಲ್ಲಿ ಬಿಆರ್‌ಸಿ ಅಂದರೆ ಸಂಪನ್ಮೂಲ ಕೇಂದ್ರ, ಅದರ ಕೆಳಗೆ ಕ್ಲಸ್ಟರ್ ಅನ್ನುವ ವ್ಯವಸ್ಥೆ ನಮ್ಮ ಕಡೆ ಬೇರು ಬಿಟ್ಟದ್ದು ಆಗ.

ಅದಕ್ಕಿಂತ ಬಹಳ ಹಿಂದೆಯೇ ಹಳೆ ಮೈಸೂರು ಸಂಸ್ಥಾನದಲ್ಲಿ ಇದೇ ಯೋಚನೆ ಇತ್ತು. ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ಹೆಸರು ನಮಗೆಲ್ಲ ಗೊತ್ತು. ಅವರು ಶಿಕ್ಷಣ ಇಲಾಖೆಯಲ್ಲೂ ಇದ್ದವರು. 1868ರಲ್ಲಿ ಹೋಬಳಿಗೊಂದು ಶಾಲೆ ಅನ್ನುವ ಯೋಜನೆ ಹಾಕಿದ್ದು ಅವರೇ. ಜನ ನಡೆದು ತಲುಪುವಷ್ಟು ಚಿಕ್ಕ ಪ್ರದೇಶ ಯಾವುದು ಅಂತ ನೋಡಿ ಅದಕ್ಕೆ ಶಾಲೆಯನ್ನು ಕಟ್ಟಿಹಾಕುವುದು. ನನ್ನ ಪ್ರಕಾರ ಶಾಲೆಗಳನ್ನು ವಿಂಗಡಿಸುವ ಸರಿಯಾದ ರೀತಿ ಇದು. ಎಲ್ಲೆ ಚಿಕ್ಕದಾದಷ್ಟೂ ಅಧಿಕಾರಿಗೆ ಮಗುವಿನ ಮುಖ ಗೊತ್ತಿರುತ್ತದೆ.

ನಾನು ಸಿಆರ್‌ಪಿ ಆಗಿದ್ದಾಗ ಮೇಲುಕೋಟೆ ತಪ್ಪಲಿನ ಹಳ್ಳಿಗಳ ಕಡೆ ಓಡಾಡುತ್ತಿದ್ದೆ. ಕೆಲವಕ್ಕೆ ಬಸ್ಸಿತ್ತು, ಕೆಲವಕ್ಕೆ ನಡಿಗೆ. ಒಂದು ಶಾಲೆಯಲ್ಲಿ ಮೂರನೇ ಕ್ಲಾಸಿನ ಹುಡುಗಿ ಕಬ್ಬು ಕಟಾವಿನ ಕಾಲದಲ್ಲಿ ಬರುತ್ತಿರಲಿಲ್ಲ. ಅವರ ಮನೆಯವರು ಕಟಾವಿಗೆ ಪಕ್ಕದ ತಾಲ್ಲೂಕಿಗೆ ಹೋಗುತ್ತಿದ್ದರು. ನಮ್ಮ ಕ್ಲಸ್ಟರ್ ಸಭೆಯಲ್ಲಿ ಮೇಷ್ಟ್ರುಗಳೆಲ್ಲ ಕೂತು ಮಾತಾಡಿದೆವು. ಆ ಕಡೆಯ ಸಿಆರ್‌ಪಿ ಮೇಷ್ಟ್ರಿಗೆ ಒಂದು ಚೀಟಿ ಬರೆದೆ. ಅವರು ಗದ್ದೆ ಬಯಲಿಗೇ ಹೋಗಿ ಹುಡುಗಿಯನ್ನು ಹುಡುಕಿ ಅಲ್ಲಿಯ ಶಾಲೆಯಲ್ಲಿ ಕೂರಿಸಿದರು. ಕಟಾವು ಮುಗಿದ ಮೇಲೆ ಅವಳು ವಾಪಸು ನಮ್ಮಲ್ಲಿಗೆ ಬಂದಳು. ಇದು ಜಿಲ್ಲಾ ಕಚೇರಿಯಿಂದ ಆಗುವ ಕೆಲಸವಾ? ಸಾಧ್ಯವೇ ಇಲ್ಲ. ಆ ಹುಡುಗಿಯ ಹೆಸರು ಗೊತ್ತಿದ್ದವರಿಂದ ಮಾತ್ರ ಆಗುತ್ತದೆ.

ಈಗಿನ ಸಿಆರ್‌ಪಿಗಳನ್ನು ನೋಡಿದರೆ ಸಂಕಟವಾಗುತ್ತದೆ. ಬೆಳಗ್ಗೆ ಎದ್ದರೆ ವಾಟ್ಸಾಪಿನಲ್ಲಿ ಮಾಹಿತಿ ಕೊಡಿ ಅಂತ ಸಂದೇಶ. ಸಂಜೆಯೊಳಗೆ ಇನ್ನೊಂದು ನಮೂನೆ. ತರಗತಿಯಲ್ಲಿ ಕೂತು ಮಗು ಓದುವುದನ್ನು ಕೇಳಲು ಅವರಿಗೆ ಪುರುಸೊತ್ತು ಎಲ್ಲಿದೆ? ಮೇಲಿನವರು ಇದನ್ನು ಓದುತ್ತಿದ್ದರೆ ದಯವಿಟ್ಟು ಅವರನ್ನು ಶಾಲೆಗೆ ಬಿಡಿ. ಅಂಕಿ ತುಂಬಲು ಬೇರೆ ದಾರಿ ಹುಡುಕಿ.

ನಿಮಗೆ ಹೇಳುವುದು ಇಷ್ಟು ಅಮ್ಮ. ನಾಲ್ಕೂ ವಿಷಯವನ್ನು ಎಸ್‌ಡಿಎಂಸಿ ಪುಸ್ತಕದಲ್ಲಿ ಬೇರೆ ಬೇರೆ ನಡಾವಳಿಯಾಗಿ ಬರೆಯಿರಿ. ಒಂದೇ ಅರ್ಜಿಯಲ್ಲಿ ಎಲ್ಲ ತುರುಕಿದರೆ ಯಾರೂ ತಮ್ಮದು ಅನ್ನುವುದಿಲ್ಲ. ನಾಲ್ಕರ ಪ್ರತಿಯನ್ನೂ ಸಿಆರ್‌ಪಿಗೆ ಕೊಡಿ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಕಾಯ್ದೆಯೇ ಹೇಳಿದೆ. ಸಹಿ ಹಾಕುವ ಮೊದಲು ನಡಾವಳಿಯನ್ನು ಜೋರಾಗಿ ಓದಿಸಿ. ಎಲ್ಲರಿಗೂ ಕೇಳಿಸಬೇಕು.

ಪ್ರಶ್ನೆ: ಮೇಡಂ, ನಾನು ಪ್ರೈಮರಿ ಶಾಲೆ ಶಿಕ್ಷಕ. ಊರು ಕೆ.ಆರ್. ಪೇಟೆ, ಕೆಲಸ ಹುಣಸೂರು ಕಡೆ. ಊರಿನ ಹತ್ತಿರಕ್ಕೆ ವರ್ಗ ಸುಲಭವಾ?
— ಯುವ ಶಿಕ್ಷಕ

ಉತ್ತರ: ಸುಲಭ ಅಲ್ಲ ತಮ್ಮಾ. ಪ್ರೈಮರಿ ಮೇಷ್ಟ್ರುಗಳ ಸೇವಾ ಹಿರಿತನ ಜಿಲ್ಲೆಯ ಮಟ್ಟದ್ದು. ಹೈಸ್ಕೂಲಿನವರದು ವಿಭಾಗದ ಮಟ್ಟದ್ದು. ನಿಮ್ಮಂತೆ ಜಿಲ್ಲೆ ಬಿಟ್ಟು ಜಿಲ್ಲೆಗೆ ಹೋದರೆ ಹೊಸ ಜಿಲ್ಲೆಯ ಪಟ್ಟಿಯಲ್ಲಿ ಕೊನೆಗೆ ನಿಲ್ಲಬೇಕು. ಅದೇ ಹೈಸ್ಕೂಲ್ ಮೇಷ್ಟ್ರಾಗಿದ್ದರೆ ಮೈಸೂರು, ಮಂಡ್ಯ ಎರಡೂ ಒಂದೇ ವಿಭಾಗ ಆದ್ದರಿಂದ ಈ ತೊಂದರೆ ಇರುತ್ತಿರಲಿಲ್ಲ. ಹಿರಿತನ ಹೋಗುವುದನ್ನು ಲೆಕ್ಕ ಹಾಕಿ, ಮನೆಯವರ ಜೊತೆ ಕೂತು ಮಾತಾಡಿ ಅರ್ಜಿ ಹಾಕಿ.

ಪ್ರಶ್ನೆ: ನಮ್ಮ ಶಾಲೆ ಯಾವ ಬ್ಲಾಕು, ಯಾವ ಕ್ಲಸ್ಟರ್ ಅಂತ ತಿಳಿಯೋದು ಹೇಗೆ?
— ಪೋಷಕರು, ಮಳವಳ್ಳಿ

ಉತ್ತರ: ಶಾಲೆಯ ಗೋಡೆ ನೋಡಿ. ಎಷ್ಟೋ ಕಡೆ ಹೆಸರಿನ ಕೆಳಗೆ ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆ, ಅಂದರೆ ಶಾಲೆಯ ಗುರುತಿನ ಸಂಖ್ಯೆ ಬರೆದಿರುತ್ತಾರೆ. ಮೊದಲ ಎರಡು ಅಂಕಿ ರಾಜ್ಯ, ಕರ್ನಾಟಕಕ್ಕೆ 29. ಮುಂದಿನ ಎರಡು ಜಿಲ್ಲೆ, ಆಮೇಲಿನ ಎರಡು ಬ್ಲಾಕು, ನಂತರದ ಮೂರು ಹಳ್ಳಿ ಅಥವಾ ವಾರ್ಡು, ಕೊನೆಯ ಎರಡು ನಿಮ್ಮ ಶಾಲೆ. ಯಾವ ಕಚೇರಿಗೆ ಅರ್ಜಿ ಬರೆದರೂ ಈ ಸಂಖ್ಯೆಯನ್ನು ಮೇಲೆ ಬರೆಯಿರಿ. ಒಂದೇ ಹೆಸರಿನ ಹಳ್ಳಿಗಳು ನಮ್ಮ ಕಡೆ ಬೇಕಾದಷ್ಟಿವೆ, ಆಗ ಅರ್ಜಿ ದಾರಿ ತಪ್ಪುವುದಿಲ್ಲ. ಈ ಸಂಖ್ಯೆಯಲ್ಲಿ ಕ್ಲಸ್ಟರ್ ಇರುವುದಿಲ್ಲ. ಅದನ್ನು ಮುಖ್ಯ ಶಿಕ್ಷಕರ ಹತ್ತಿರ ಕೇಳಿ. ಸಿಆರ್‌ಪಿ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ಮುಂದಿನ ಸಲ ಅವರು ಶಾಲೆಗೆ ಬಂದಾಗ ಹೋಗಿ ಮಾತಾಡಿಸಿ.